ಗಡಿಭಾಗದಾಗ ನರ್ಸ್ ನೋಂದಣಿ: ಆರ್‌ಎನ್, ಆರ್‌ಎಂ, ಎನ್‌ಒಸಿ, ರಿನ್ಯೂವಲ್

ಚಿಕ್ಕೋಡಿ ವಾರ್ಡ್:
ಗಡಿಭಾಗದ ನರ್ಸಿಂಗ್ ಹೋಮ್‌ಗಳಾಗ ಮೀರಜ, ಸಾಂಗಲಿ, ಕೊಲ್ಲಾಪುರದಾಗ ಕಲ್ತು ಬಂದವರು ಭಾಳ ಮಂದಿ ಅದಾರ. ಬೆಳಗಾವಿ, ಬಾಗಲಕೋಟ್ಯಾಗ ಕಲ್ತವರು ಗೋವಾ, ಪುಣೆ ಕಡೆ ಹೋಗ್ತಾರ. ಕೆಲಸಕ್ಕ ತಗೊಳ್ಳುವಾಗ ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ಫೈಲಿಗೆ ಸೇರಿದ್ರ ಮುಗೀತು ಅನ್ನೂದು ಇಲ್ಲಿ ರೂಢಿ. ಅಷ್ಟ ಸಾಕೇನ್ರಿ? ಮಹಾರಾಷ್ಟ್ರದ ನೋಂದಣಿ ನಂಬರ್ ಇದ್ದವರು ಇಲ್ಲಿ ಡ್ಯೂಟಿ ಮಾಡಬಹುದೇನು? ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಬ್ಯಾರೆ, ಆರ್‌ಎಂ (ರಿಜಿಸ್ಟರ್ಡ್ ಮಿಡ್‌ವೈಫ್, ಹೆರಿಗಿ ಮಾಡಸಾಕಿ) ಬ್ಯಾರೆ ಯಾಕ? ರಿನ್ಯೂವಲ್ ತಪ್ಪಿದ್ರ ಏನಾಗ್ತದ? ಕಾಲೇಜ್ ಆಫೀಸಿನವರು, ಟ್ಯೂಟರ್‌ಗಳು, ವಕೀಲರು ಯಾರರ ಇದ್ರ ಬಿಡಿಸಿ ಬರೀರಿ.

ನೋಂದಣಿ ಗುಮಾಸ್ತ, ವಿಜಯಪುರ:
ಮಾರ್ಕ್ಸ್ ಕಾರ್ಡ್ ಸಾಕಾಗುವುದಿಲ್ಲ. ಅದು ಪಾಸಾದದ್ದಕ್ಕೆ ಪುರಾವೆ, ಕೆಲಸ ಮಾಡಲು ಪರವಾನಗಿ ಅಲ್ಲ. ಪರವಾನಗಿ ಅಂದರೆ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ರಿಜಿಸ್ಟರಿನಲ್ಲಿ ಹೆಸರು ಏರಿ, ನಂಬರ್ ಬಂದು, ಆ ನಂಬರ್ ಚಾಲ್ತಿಯಲ್ಲಿರುವುದು.

ಯಾರು ಏನು ಮಾಡುತ್ತಾರೆ ಎಂಬುದರಲ್ಲೇ ಬಹಳ ಗೊಂದಲ. ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾದ ಪರೀಕ್ಷೆ ನಡೆಸುವುದು ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಬಿಎಸ್ಸಿ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಬೆಳಗಾವಿಯ ಕೆಎಲ್‌ಇ ಕಾಲೇಜಿನವರಿಗೆ ಅವರದೇ ಡೀಮ್ಡ್ ವಿಶ್ವವಿದ್ಯಾಲಯ. ಇವರಾರೂ ನೋಂದಣಿ ಮಾಡುವವರಲ್ಲ. ನೋಂದಣಿ ಮಾಡುವುದು ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್. ಅದಕ್ಕೆ ಆಧಾರ 1961ರ ಕರ್ನಾಟಕ ನರ್ಸ್, ಮಿಡ್‌ವೈಫ್ ಮತ್ತು ಹೆಲ್ತ್ ವಿಸಿಟರ್‌ಗಳ ಕಾಯ್ದೆ. ದಿಲ್ಲಿಯ ಇಂಡಿಯನ್ ನರ್ಸಿಂಗ್ ಕೌನ್ಸಿಲ್, ಅಂದರೆ ಐಎನ್‌ಸಿ, 1947ರ ಕಾಯ್ದೆಯಿಂದ ಬಂದದ್ದು. ಪಠ್ಯಕ್ರಮ, ಅರ್ಹತೆಗಳ ಮಾನ್ಯತೆ ಅದರ ಕೈಯಲ್ಲಿ. "ಐಎನ್‌ಸಿ ನಂಬರ್ ಕೊಡಿ" ಎಂದು ಜಾಹೀರಾತು ಹಾಕುವ ಆಸ್ಪತ್ರೆಗಳಿವೆ. ಅವರು ಕೇಳಬೇಕಾದದ್ದು ರಾಜ್ಯ ಕೌನ್ಸಿಲ್ ನಂಬರನ್ನು.

ಅರ್ಜಿಗೆ ಬೇಕಾದದ್ದು: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ (ಹೆಸರು, ಹುಟ್ಟಿದ ದಿನಾಂಕಕ್ಕೆ ಇದೇ ಮೂಲ), ಪಿಯುಸಿ ಮಾರ್ಕ್ಸ್ ಕಾರ್ಡ್, ಕೋರ್ಸಿನ ಎಲ್ಲ ವರ್ಷಗಳ ಮಾರ್ಕ್ಸ್ ಕಾರ್ಡ್, ಡಿಪ್ಲೊಮಾ ಅಥವಾ ಪ್ರೊವಿಜನಲ್ ಪದವಿ ಪ್ರಮಾಣಪತ್ರ, ಪ್ರಿನ್ಸಿಪಾಲರ ಸಹಿಯ ಕೋರ್ಸ್ ಕಂಪ್ಲೀಷನ್, ಆಧಾರ್, ಫೋಟೊ. ಫೇಲಾಗಿ ಮತ್ತೆ ಕಟ್ಟಿದವರು ಪ್ರತಿ ಅಟೆಂಪ್ಟಿನ ಕಾರ್ಡನ್ನೂ ಇಡಬೇಕು. ಪಾಸಾದ ಕಾರ್ಡ್ ಒಂದನ್ನೇ ಇಟ್ಟರೆ ಅರ್ಜಿ ವಾಪಸ್ ಬರುತ್ತದೆ, ಯಾಕೆಂದರೆ ಕೋರ್ಸಿನ ಅವಧಿಗೂ ಪಾಸಾದ ತಿಂಗಳಿಗೂ ಲೆಕ್ಕ ಕೂಡುವುದಿಲ್ಲ.

ಬನಹಟ್ಟಿ ಟ್ಯೂಟರ್:
ಗುಮಾಸ್ತರ ಮಾತಿಗೆ ಒಂದು ಸೇರಸ್ತೀನ್ರಿ. ನಮ್ಮ ಮೂರು ಜಿಲ್ಲೆಯಾಗ ಅರ್ಜಿ ನಿಂದ್ರೂದು ಹೆಚ್ಚಾಗಿ ಹೆಸರಿನ ಸಲುವಾಗಿ. ಗಡಿಯಾಗಿನ ಸಾಲಿಗಳಾಗ ಮರಾಠಿ ಪದ್ಧತಿ: ಮೊದಲ ಅಡ್ಡಹೆಸರು, ಆಮ್ಯಾಲ ಸ್ವಂತ ಹೆಸರು, ಆಮ್ಯಾಲ ಅಪ್ಪನ ಹೆಸರು. ಎಸ್ಸೆಸ್ಸೆಲ್ಸಿಯಾಗ "ಪಾಟೀಲ ಸವಿತಾ ಬಸವರಾಜ", ಆಧಾರಿನ್ಯಾಗ "ಸವಿತಾ ಬಿ ಪಾಟೀಲ", ಡಿಪ್ಲೊಮಾದಾಗ "ಸವಿತಾ ಬಸವರಾಜ". ಓದೂ ಮಂದಿಗೆ ಒಬ್ಬಾಕಿನೇ, ಕಂಪ್ಯೂಟರಿಗೆ ಮೂರು ಮಂದಿ. ಇಂಗ್ಲಿಷಿನ್ಯಾಗ ಲಕ್ಷ್ಮೀ, ಐಶ್ವರ್ಯಾ, ಗಂಗವ್ವ ಅನ್ನೂ ಹೆಸರಿನ ಕಾಗುಣಿತ ಅಂತೂ ಕಾರ್ಡಿಗೊಂದು ಥರಾ.

ಸರಿ ಮಾಡೂ ದಾರಿ: ಎಸ್ಸೆಸ್ಸೆಲ್ಸಿ ಹೆಸರನ್ನ ಗಟ್ಟಿ ಹಿಡೀರಿ. ಉಳದ ಎಲ್ಲಾ ಕಾಗದ ಅದಕ್ಕ ಹೊಂದಸ್ರಿ. ಆಧಾರ್ ತಿದ್ದೂದು ಹಗುರ, ಎಸ್ಸೆಸ್ಸೆಲ್ಸಿ ತಿದ್ದೂದು ಅಂದ್ರ ಸಾಲಿಯ ಹೆಡ್‌ಮಾಸ್ತರ್ ಮೂಲಕ ಬೋರ್ಡಿಗೆ ಹೋಗಬೇಕು. ಇದನ್ನ ಕೋರ್ಸಿನ ಮೊದಲನೇ ವರ್ಷ, ಅಡ್ಮಿಷನ್ ಅಪ್ರೂವಲ್ ಪಟ್ಟಿ ಬಂದ ಕೂಡ್ಲೇ ನೋಡಬೇಕು. ಆ ಪಟ್ಟಿಯಾಗ ತಪ್ಪಿದ ಅಕ್ಷರನೇ ಹಾಲ್ ಟಿಕೆಟ್, ಮಾರ್ಕ್ಸ್ ಕಾರ್ಡ್, ಡಿಪ್ಲೊಮಾ ತನಕ ಬರ್ತದ. ನಾಲ್ಕು ವರ್ಷದ ಮ್ಯಾಲ ನಾಲ್ಕು ಕಡೆ ತಿದ್ದಿಸೂಕಿಂತ ಒಂದ ಕಡೆ ತಿದ್ದಿಸೂದು ಚಲೋ.

ಮದುವಿ ಆದ ಮ್ಯಾಲ ಅಡ್ಡಹೆಸರು ಬದಲಿ ಮಾಡವ್ರು ಮೊದಲ ಹಳೇ ಹೆಸರಿನ್ಯಾಗ ರಿಜಿಸ್ಟ್ರೇಷನ್ ಮುಗಿಸ್ರಿ. ಆಮ್ಯಾಲ ಮದುವಿ ನೋಂದಣಿ ಪತ್ರ, ಅಫಿಡವಿಟ್, ಕೌನ್ಸಿಲ್ ಕೇಳಿದ್ರ ಗೆಜೆಟ್ ಪ್ರಕಟಣೆ ಹಚ್ಚಿ ಹೆಸರು ತಿದ್ದುಪಡಿಗೆ ಬ್ಯಾರೆ ಅರ್ಜಿ ಹಾಕ್ರಿ. ಎರಡೂ ಒಂದ ಅರ್ಜಿಯಾಗ ತುರುಕಿದ್ರ ಎರಡೂ ಉಳೀತಾವು. ಊರಿನ ಹೆಸರಿಗೆ ಯಾರೂ ಅಂಜಬ್ಯಾಡ್ರಿ. ಹಳೇ ಕಾಗದದಾಗ ಬೆಳಗಾಂ, ಬಿಜಾಪುರ ಇದ್ರ ಅಡ್ಡಿ ಇಲ್ಲ, 2014ರ ನವೆಂಬರ್ 1ಕ್ಕ ಸರ್ಕಾರನೇ ಬದಲಿ ಮಾಡಿದ್ದು ಅದು.

ಕೃಷ್ಣಾ ದಂಡಿ:
ಮಹಾರಾಷ್ಟ್ರ ನಂಬರಿನ ಪ್ರಶ್ನೆಗೆ: 1947ರ ಕಾಯ್ದೆಯ ಸೆಕ್ಷನ್ 11 ಪ್ರಕಾರ ಮಾನ್ಯ ಅರ್ಹತೆ ದೇಶದ ತುಂಬಾ ನಡೀತದ. ಹಂಗಾಗಿ ಮುಂಬೈ ನಂಬರ್ ಇದ್ದವರು ಬೆಳಗಾವ್ಯಾಗ ಡ್ಯೂಟಿ ಮಾಡಿದ್ರ ತಪ್ಪೇನಿಲ್ಲ ಅಂತ ನನ್ನ ತಿಳುವಳಿಕಿ.

ಕಾನೂನು ಕಟ್ಟೆ, ಬಾಗಲಕೋಟೆ:
ಸೆಕ್ಷನ್ 11 ಓದಿದ್ದು ಸರಿ, ಅರ್ಥ ಮಾಡಿಕೊಂಡದ್ದು ಅರ್ಧ ಸರಿ. ಮಾನ್ಯತೆ ಪಡೆದ ಅರ್ಹತೆ ಯಾವುದೇ ರಾಜ್ಯದ ರಿಜಿಸ್ಟರಿನಲ್ಲಿ ಹೆಸರು ಸೇರಿಸಲು ಸಾಕು ಎಂದು ಅದು ಹೇಳುತ್ತದೆ. ಅಂದರೆ ಮೀರಜದಲ್ಲಿ ಜಿಎನ್‌ಎಂ ಮಾಡಿದವರಿಗೆ "ನೀವು ಇಲ್ಲಿ ಕಲಿತಿಲ್ಲ" ಎಂದು ಕರ್ನಾಟಕ ಕೌನ್ಸಿಲ್ ಬಾಗಿಲು ಹಾಕುವಂತಿಲ್ಲ. ಆದರೆ ಹೆಸರು ತಾನಾಗಿಯೇ ಇಲ್ಲಿಯ ರಿಜಿಸ್ಟರಿಗೆ ಬಂದು ಕೂರುವುದಿಲ್ಲ. ಅರ್ಜಿ ಹಾಕಿ ಸೇರಿಸಿಕೊಳ್ಳಬೇಕು. ಇದನ್ನೇ ರೆಸಿಪ್ರೋಕಲ್ ರಿಜಿಸ್ಟ್ರೇಷನ್ ಅನ್ನುವುದು. ಕೆಲಸ ಮಾಡುವ ರಾಜ್ಯದಲ್ಲಿ ನಂಬರ್ ಇರಬೇಕು.

ಇದು ಬರೀ ಔಪಚಾರಿಕ ಅಲ್ಲ. ಚಿಕ್ಕೋಡಿಯ ಆಸ್ಪತ್ರೆಯಲ್ಲಿ ದೂರು ಬಂದರೆ ವಿಚಾರಣೆ ಮಾಡಬೇಕಾದದ್ದು ಕರ್ನಾಟಕ ಕೌನ್ಸಿಲ್. ಅದರ ರಿಜಿಸ್ಟರಿನಲ್ಲಿ ಇಲ್ಲದ ಹೆಸರನ್ನು ಅದು ತೆಗೆದುಹಾಕುವುದು ಹೇಗೆ? ಆಸ್ಪತ್ರೆಯ ಕಡೆಯಿಂದ ನೋಡಿದರೂ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿ ತಪಾಸಣೆಗೆ ಬಂದಾಗ ಸಿಬ್ಬಂದಿ ಪಟ್ಟಿಯಲ್ಲಿ ಮೊದಲು ಕಣ್ಣು ಹೋಗುವುದು ನರ್ಸ್‌ಗಳ ನೋಂದಣಿ ಕಾಲಂಗೆ.

ಒಂದು ಸಣ್ಣ ಇತಿಹಾಸ, ಬೇಕಾದವರು ಓದಿ: 1956ರ ತನಕ ಬೆಳಗಾವಿಯೂ ಆಗಿನ ಬಿಜಾಪುರ ಜಿಲ್ಲೆಯೂ (ಬಾಗಲಕೋಟೆ ಅದರೊಳಗೇ ಇತ್ತು) ಮುಂಬೈ ರಾಜ್ಯದಲ್ಲಿದ್ದವು. ಆಗ ಇಲ್ಲಿ ನಡೆಯುತ್ತಿದ್ದದ್ದು ಮುಂಬೈ ಕಾನೂನು. ಗಡಿ ಆಚೆಗಿನ ನಂಬರ್ ಇಲ್ಲೂ ನಡೆಯುತ್ತದೆ ಎಂಬ ನಂಬಿಕೆ ಆಗ ಸರಿಯೇ ಇತ್ತು, ಈಗಲ್ಲ.

ನೋಂದಣಿ ಗುಮಾಸ್ತ, ವಿಜಯಪುರ:
ಬೇರೆ ರಾಜ್ಯದಲ್ಲಿ ನಂಬರ್ ಪಡೆಯಲು ಎನ್‌ಒಸಿ, ಅಂದರೆ ಈಗಿರುವ ಕೌನ್ಸಿಲ್ಲಿನ ನಿರಾಕ್ಷೇಪಣಾ ಪತ್ರ, ಹೇಗೆ ಮಾಡಿಸುವುದು ಅಂತ ಕೇಳುವವರಿಗೆ ಕ್ರಮ ಹೇಳುತ್ತೇನೆ. ಮೊದಲು ಈಗಿರುವ ಕೌನ್ಸಿಲ್ಲಿನಲ್ಲಿ ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿ. ಅವಧಿ ಮುಗಿದಿದ್ದರೆ ಅಲ್ಲಿ ರಿನ್ಯೂ ಮಾಡಿಸದೆ ಎನ್‌ಒಸಿ ಸಿಗುವುದಿಲ್ಲ. ಕೊಲ್ಲಾಪುರದಿಂದ ಬಂದವರು ಸಿಕ್ಕಿಬೀಳುವುದು ಇಲ್ಲೇ. ನಂತರ ಎನ್‌ಒಸಿಗೆ ಅರ್ಜಿ, ಯಾವ ರಾಜ್ಯಕ್ಕೆ ಹೋಗುತ್ತಿದ್ದೀರಿ ಎಂದು ಬರೆದು. ನಂತರ ಹೊಸ ಕೌನ್ಸಿಲ್ಲಿಗೆ ಅರ್ಜಿ, ಹಳೆಯ ನೋಂದಣಿ ಪ್ರಮಾಣಪತ್ರ ಮತ್ತು ಎಲ್ಲ ಮಾರ್ಕ್ಸ್ ಕಾರ್ಡ್ ಸಹಿತ. ಎರಡು ಕೌನ್ಸಿಲ್ ಪರಸ್ಪರ ಪರಿಶೀಲನೆ ಮಾಡಿಕೊಂಡ ಮೇಲೆ ಹೊಸ ನಂಬರ್.

ಗೋವಾದ ಆಸ್ಪತ್ರೆಗೆ ಹೋಗುವವರಿಗೆ ನನ್ನ ಸಲಹೆ: ಆಫರ್ ಲೆಟರ್ ಬಂದ ಮೇಲೆ ಓಡಾಡಬೇಡಿ, ಸಂದರ್ಶನಕ್ಕೆ ಹೋಗುವ ಮುಂಚೆಯೇ ಎನ್‌ಒಸಿ ಹಚ್ಚಿ. ರಾಣಿ ಚೆನ್ನಮ್ಮ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕೌಂಟರಿನಲ್ಲಿ ನಿಂತರೆ ಕೆಲಸ ಬೇಗ ಆಗುತ್ತದೆ ಎಂದು ನಂಬಿದವರು ಬಹಳ. ಅರ್ಜಿಯಲ್ಲಿ ಕೊರತೆ ಇದ್ದರೆ ನಿಂತು ಉಪಯೋಗವಿಲ್ಲ. ಕೊರತೆ ಇಲ್ಲದಿದ್ದರೆ ನಿಲ್ಲುವ ಅಗತ್ಯ ಕಡಿಮೆ.

ಗೋಳಗುಮ್ಮಟ ಬ್ರದರ್:
ಆರ್‌ಎನ್, ಆರ್‌ಎಂ ಪ್ರಶ್ನೆ ಯಾರೂ ಮುಟ್ಟಿಲ್ಲಲ್ರಿ. ಹಳೇ ಬ್ಯಾಚಿನ ಗಂಡು ಜಿಎನ್‌ಎಂಗಳ ಸರ್ಟಿಫಿಕೇಟಿನ್ಯಾಗ ಬರೀ ನರ್ಸ್ ಅಂತ ಇರ್ತದ, ಮಿಡ್‌ವೈಫ್ ನಂಬರ್ ಇರೂದಿಲ್ಲ. ಅಂಥವರು ಪೋಸ್ಟ್ ಬೇಸಿಕ್ ಬಿಎಸ್ಸಿಗೆ (ಜಿಎನ್‌ಎಂ ಆದವರು ಮಾಡೂ ಬಿಎಸ್ಸಿ), ಸರ್ಕಾರಿ ನೇಮಕಾತಿಗೆ ಅರ್ಜಿ ಹಾಕುವಾಗ ಕಾಲಂ ಖಾಲಿ ಬಿಡಬೇಕೇನು?

ಮಲಪ್ರಭಾ ಸಿಸ್ಟರ್:
ಬ್ರದರ್, ಆಗ ಗಂಡುಹುಡುಗರಿಗೆ ಸೂಲಗಿತ್ತಿತನದ ಪೋಸ್ಟಿಂಗ್ ಬದಲು ಬೇರೆ ವಿಭಾಗದ ತರಬೇತಿ ಕೊಡುತ್ತಿದ್ದರು, ಅದಕ್ಕೆ ಆರ್‌ಎಂ ಇಲ್ಲ. ಕಾಲಂನಲ್ಲಿ "ಅನ್ವಯಿಸುವುದಿಲ್ಲ" ಎಂದು ಬರೆದು, ಬದಲಿ ತರಬೇತಿಯ ಪ್ರಮಾಣಪತ್ರ ಹಚ್ಚಬೇಕು. ಖಾಲಿ ಬಿಟ್ಟರೆ ಅಪೂರ್ಣ ಅರ್ಜಿ ಎಂದು ಪಕ್ಕಕ್ಕೆ ಹೋಗುತ್ತದೆ.

ಈಗ ಎರಡು ಹೆಸರು ಯಾಕೆ ಎಂಬುದಕ್ಕೆ. ಭಾರತದಲ್ಲಿ ಜಿಎನ್‌ಎಂ, ಬಿಎಸ್ಸಿ ಎರಡರಲ್ಲೂ ಮಿಡ್‌ವೈಫರಿ ಒಳಗೇ ಇದೆ. ಆದ್ದರಿಂದ ಮುಗಿಸಿದವರು ರಿಜಿಸ್ಟರ್ಡ್ ನರ್ಸ್ ಮತ್ತು ರಿಜಿಸ್ಟರ್ಡ್ ಮಿಡ್‌ವೈಫ್ ಎರಡೂ ಆಗುತ್ತಾರೆ. ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮಿಡ್‌ವೈಫ್ ಕೋರ್ಸ್) ಮಾಡಿದವರ ಹೆಸರು ಬೇರೆ ಭಾಗದಲ್ಲಿ, ಆರ್‌ಎಎನ್‌ಎಂ ಎಂದು ಏರುತ್ತದೆ. ಎಷ್ಟೇ ವರ್ಷ ಅನುಭವವಿದ್ದರೂ ಆರ್‌ಎಎನ್‌ಎಂ ತಾನಾಗಿ ಆರ್‌ಎನ್ ಆಗುವುದಿಲ್ಲ. ಜಿಎನ್‌ಎಂ ಸೇರಿ ಮುಗಿಸಬೇಕು. ನರ್ಸಿಂಗ್ ಹೋಮ್‌ಗಳಲ್ಲಿ ಎಎನ್‌ಎಂ ಮಾಡಿದವರನ್ನು "ಸ್ಟಾಫ್ ನರ್ಸ್" ಎಂದು ಪಟ್ಟಿ ಬರೆದು ಐಸಿಯುಗೆ ಹಾಕುವುದನ್ನು ನಿಲ್ಲಿಸಬೇಕು. ಅವರ ತರಬೇತಿ ಸಮುದಾಯ ಆರೋಗ್ಯ, ಸಹಜ ಹೆರಿಗೆ, ಲಸಿಕೆಗೆ ಸಂಬಂಧಿಸಿದ್ದು. ಅದರಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ವೆಂಟಿಲೇಟರ್ ಮುಂದೆ ನಿಲ್ಲಿಸಿದರೆ ರೋಗಿಗೂ ಅನ್ಯಾಯ, ಅವರಿಗೂ ಅನ್ಯಾಯ.

ಆರ್‌ಎಂ ಎಂಬ ಎರಡಕ್ಷರದ ಹಿಂದೆ ಕೇಸ್‌ಬುಕ್ ಇದೆ, ಅಂದರೆ ವಿದ್ಯಾರ್ಥಿ ತಾನು ಮಾಡಿದ ಕೇಸುಗಳನ್ನು ಬರೆಯುವ ವಹಿ. ಹಿಂದಿನ ಬಿಎಸ್ಸಿ ಪಠ್ಯಕ್ರಮದಲ್ಲಿ ಗರ್ಭಿಣಿ ತಪಾಸಣೆ 30, ಸ್ವತಃ ಮಾಡಿಸಿದ ಸಹಜ ಹೆರಿಗೆ 20, ಒಳತಪಾಸಣೆ 5, ಎಪಿಸಿಯಾಟಮಿ (ಹೆರಿಗೆ ದಾರಿ ಅಗಲಿಸಲು ಕೊಯ್ಯುವುದು) ಮಾಡಿ ಹೊಲಿಗೆ 5, ಬಾಣಂತಿ ಆರೈಕೆ 20 ಎಂದು ಬರೆದೇ ಇತ್ತು. ಪಠ್ಯಕ್ರಮ ಪರಿಷ್ಕಾರವಾಗಿದೆ, ತತ್ವ ಅದೇ. ತೊಂದರೆ ಎಲ್ಲಿ? ಖಾಸಗಿ ಕಾಲೇಜಿಗೆ ಸೇರಿದ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆಚ್ಚು, ಸಹಜ ಹೆರಿಗೆ ಕಡಿಮೆ; ಹುಡುಗಿಯರು ಬೇರೆಯವರು ಮಾಡಿಸಿದ ಹೆರಿಗೆಯ ವಿವರ ನಕಲು ಮಾಡಿ ಕೇಸ್‌ಬುಕ್ ತುಂಬಿಸುತ್ತಾರೆ. ಪರೀಕ್ಷೆ ದಾಟುತ್ತದೆ. ನೋಂದಣಿಯೂ ಬರುತ್ತದೆ. ಆಮೇಲೆ ತಾಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಭುಜ ಸಿಕ್ಕಿಕೊಂಡ ಮಗು ಎದುರಾದಾಗ ಕೈ ನಡುಗುತ್ತದೆ. ಜಿಲ್ಲಾ ಆಸ್ಪತ್ರೆ ಪೋಸ್ಟಿಂಗ್ ಬಂದಾಗ ಅದನ್ನು ರಜೆಯಂತೆ ಕಳೆಯಬೇಡಿ ಎಂದು ಟ್ಯೂಟರ್‌ಗಳು ಬಡಿದುಕೊಳ್ಳುವುದು ಇದಕ್ಕೇ.

ನೋಂದಣಿ ಇದ್ದವರು ಏನು ಮಾಡಬಹುದು ಎಂಬುದಕ್ಕೂ ಲಿಖಿತ ಗೆರೆಯಿದೆ. ಕೇಂದ್ರ ಸರ್ಕಾರದ ಎಸ್‌ಬಿಎ (ಕುಶಲ ಹೆರಿಗೆ ಸಹಾಯಕಿ) ಮಾರ್ಗಸೂಚಿ ಪ್ರಕಾರ ತರಬೇತಿ ಪಡೆದ ಎಎನ್‌ಎಂ ಅಥವಾ ಸ್ಟಾಫ್ ನರ್ಸ್ ಮಗು ಹುಟ್ಟಿದ ಕೂಡಲೇ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ ಕೊಡಬಹುದು. ಫಿಟ್ಸ್ ಬಂದ ಗರ್ಭಿಣಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಮ್ಯಾಗ್ನೀಷಿಯಂ ಸಲ್ಫೇಟ್ 10 ಗ್ರಾಂ, ಎರಡೂ ಪಿರ್ರೆಗೆ 5 ಗ್ರಾಂನಂತೆ ಆಳವಾಗಿ ಕೊಡಬಹುದು. "ಡಾಕ್ಟರ್ ಬರಲಿ" ಎಂದು ಕಾಯ್ದು ಆ ಡೋಸ್ ಕೊಡದೇ ಆಂಬುಲೆನ್ಸ್ ಹತ್ತಿಸುವುದೂ ತಪ್ಪೇ.

ಸ್ವತಂತ್ರ ಮಿಡ್‌ವೈಫ್ ಎಂಬ ದರ್ಜೆ 2018ರ ರಾಷ್ಟ್ರೀಯ ಮಾರ್ಗಸೂಚಿಯಿಂದ ಬಂದಿದೆ: ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ, 18 ತಿಂಗಳ ವಸತಿ ತರಬೇತಿ. ಆರ್‌ಎನ್ ಮತ್ತು ಆರ್‌ಎಂ ಎರಡೂ ಇದ್ದವರಿಗೆ ಮಾತ್ರ.

ಚಿಕ್ಕೋಡಿ ವಾರ್ಡ್:
ಸಿಸ್ಟರ್, ಭಾಳ ಉಪಕಾರ ಆತು. ಕಾನೂನಿನವರಿಗೆ ಒಂದು ಪ್ರಶ್ನೆ: ತಪ್ಪಾದ್ರ ಕೌನ್ಸಿಲ್ ಏನು ಮಾಡ್ತದ, ಪೊಲೀಸ್ ಏನು ಮಾಡ್ತಾರ?

ಕಾನೂನು ಕಟ್ಟೆ, ಬಾಗಲಕೋಟೆ:
ಎರಡೂ ಬೇರೆ ದಾರಿ, ಒಂದೇ ಸಮಯಕ್ಕೆ ನಡೆಯಬಹುದು. ಕೌನ್ಸಿಲ್ ನೋಡುವುದು ವೃತ್ತಿದುರ್ನಡತೆ. ದೂರು, ನೋಟಿಸ್, ಉತ್ತರ ಕೊಡಲು ಅವಕಾಶ, ವಿಚಾರಣೆ, ಕೊನೆಗೆ ಎಚ್ಚರಿಕೆಯಿಂದ ಹಿಡಿದು ರಿಜಿಸ್ಟರಿನಿಂದ ಹೆಸರು ತೆಗೆಯುವ ತನಕ. ನೋಟಿಸಿಗೆ ಉತ್ತರ ಕೊಡದೇ ಸುಮ್ಮನಿರುವುದು ಅತಿ ಕೆಟ್ಟ ತಂತ್ರ. ಏಕಪಕ್ಷೀಯ ತೀರ್ಮಾನಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ವಿಳಾಸ ಬದಲಾದದ್ದನ್ನು ಕೌನ್ಸಿಲ್ಲಿಗೆ ತಿಳಿಸಿರದಿದ್ದರೆ ನೋಟಿಸ್ ಹಳೆಯ ಮನೆಗೇ ಹೋಗುತ್ತದೆ.

ಕ್ರಿಮಿನಲ್ ಬದಿಯಲ್ಲಿ ಬಹುತೇಕ ನರ್ಸ್‌ಗಳಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. 2024ರ ಜುಲೈ 1ರಿಂದ ಐಪಿಸಿ 304ಎ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106 ಬಂದಿದೆ. ನಿರ್ಲಕ್ಷ್ಯದಿಂದ ಸಾವಾದರೆ ಗರಿಷ್ಠ 5 ವರ್ಷ ಜೈಲು. ನೋಂದಾಯಿತ ವೈದ್ಯರು ಚಿಕಿತ್ಸೆ ಕೊಡುವಾಗ ಆದರೆ ಗರಿಷ್ಠ 2 ವರ್ಷ. ಆ ರಿಯಾಯಿತಿಯ ವಿವರಣೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ ನೋಂದಾಯಿತರಾದವರನ್ನು ಮಾತ್ರ ಹೇಳುತ್ತದೆ. ನರ್ಸ್ ಅದರೊಳಗೆ ಬರುವುದಿಲ್ಲ. ಒಂದೇ ಲೇಬರ್ ರೂಮಿನಲ್ಲಿ ಒಂದೇ ಘಟನೆಗೆ ವೈದ್ಯರಿಗೆ ಒಂದು ಮಿತಿ, ನರ್ಸಿಗೆ ಇನ್ನೊಂದು. ನನಗಿದು ಅನ್ಯಾಯ ಅನ್ನಿಸುತ್ತದೆ, ಆದರೆ ಸದ್ಯದ ಅಕ್ಷರ ಹಾಗಿದೆ.

ಆದ್ದರಿಂದ ದಾಖಲೆ. ಪಾರ್ಟೋಗ್ರಾಫ್ (ಹೆರಿಗೆಯ ಪ್ರಗತಿ ಗುರುತಿಸುವ ಹಾಳೆ) ಅನ್ನು ಗರ್ಭಕಂಠ 4 ಸೆಂಮೀ ತೆರೆದಾಗಿನಿಂದ ಆಯಾ ಹೊತ್ತಿಗೇ ತುಂಬಿ: ಮಗುವಿನ ಎದೆಬಡಿತ ಅರ್ಧ ಗಂಟೆಗೊಮ್ಮೆ, ಒಳತಪಾಸಣೆ 4 ಗಂಟೆಗೊಮ್ಮೆ. ಹೆರಿಗೆ ಆದಮೇಲೆ ಕೂತು ಒಂದೇ ಪೆನ್ನಿನಲ್ಲಿ ತುಂಬಿಸಿದ ಹಾಳೆ ವಕೀಲರ ಕಣ್ಣಿಗೆ ದೂರದಿಂದಲೇ ಕಾಣುತ್ತದೆ. ಫೋನಿನಲ್ಲಿ ಬಂದ ಆರ್ಡರ್ ಇದ್ದರೆ ಸಮಯ, ಹೇಳಿದವರ ಹೆಸರು, ಔಷಧ, ಪ್ರಮಾಣ ಬರೆದು, ಓದಿ ಹೇಳಿ ಖಚಿತಪಡಿಸಿಕೊಂಡು, ಡಾಕ್ಟರ್ ಬಂದ ಕೂಡಲೇ ಸಹಿ ಹಾಕಿಸಿಕೊಳ್ಳಿ. ತಪ್ಪು ಬರೆದಿದ್ದರೆ ಒಂದೇ ಗೆರೆ ಎಳೆದು ಸಹಿ ಮಾಡಿ, ವೈಟ್ನರ್ ಹಚ್ಚಬೇಡಿ.

ಬನಹಟ್ಟಿ ಟ್ಯೂಟರ್:
ರಿನ್ಯೂವಲ್ ಬಗ್ಗೆ. ಐಎನ್‌ಸಿ ಹಾಕಿದ ಅಳತಿ: 5 ವರ್ಷಕ್ಕ 150 ಗಂಟಿ ನಿರಂತರ ನರ್ಸಿಂಗ್ ಶಿಕ್ಷಣ, ಅಂದ್ರ ಸಿಎನ್‌ಇ. ವರ್ಷಕ್ಕ 30 ಅಂತ ಹಂಚಿಕೊಂಡ್ರ ಭಾರ ಅನಸೂದಿಲ್ಲ. ನಾಲ್ಕು ವರ್ಷ ಸುಮ್ಮ ಕುಂತು ಕಡೀ ವರ್ಷ ಕಾನ್ಫರೆನ್ಸ್ ಹುಡುಕಿಕೊಂಡು ಓಡಿದ್ರ ರಜಾನೂ ಹೋತು, ರೊಕ್ಕಾನೂ ಹೋತು. ಎಲ್ಲಾ ಕಾರ್ಯಕ್ರಮಾನೂ ಲೆಕ್ಕಕ್ಕ ಬರೂದಿಲ್ಲ. ಕೌನ್ಸಿಲ್ ಕ್ರೆಡಿಟ್ ಕೊಟ್ಟದ್ದು ಬೇಕು, ಸರ್ಟಿಫಿಕೇಟಿನ ಮ್ಯಾಲ ಗಂಟಿ ಅಚ್ಚಾಗಿರಬೇಕು. ಔಷಧ ಕಂಪನಿಯವರು ಹೋಟೆಲಿನ್ಯಾಗ ಊಟ ಹಾಕಿ ಕೊಡೂ "ಭಾಗವಹಿಸಿದ್ದಾರೆ" ಪತ್ರ ಗ್ವಾಡಿಗೆ ಹಚ್ಚಾಕ ಮಾತ್ರ.

ಎನ್‌ಆರ್‌ಟಿಎಸ್ ಅಂತ ಐಎನ್‌ಸಿಯ ಆನ್‌ಲೈನ್ ರಿಜಿಸ್ಟರ್ ಐತಿ. ಆಧಾರ್ ಹೊಂದಿಸಿ, ಬೆರಳಚ್ಚು ಕೊಟ್ಟು ನೋಂದಾಸಿದ್ರ ಎನ್‌ಯುಐಡಿ ಅನ್ನೂ ಒಂದ ನಂಬರ್ ಬರ್ತದ, ಅದು ದೇಶಕ್ಕೆಲ್ಲಾ ಒಂದು. ಆದ್ರ ಅದು ರಾಜ್ಯದ ನೋಂದಣಿಗೆ ಬದಲಿ ಅಲ್ಲ, ಅದರ ಮ್ಯಾಲ ಕೂಡೂ ಗುರುತು. ಆಧಾರಿನ್ಯಾಗ ಮೊಬೈಲ್ ನಂಬರ್ ಹಳೇದಿದ್ರ ಒಟಿಪಿ ಬರೂದಿಲ್ಲ, ಮೊದಲ ಅದನ್ನ ಸರಿ ಮಾಡ್ರಿ.

ಅಥಣಿ ಓಇಟಿ:
ಹೊರದೇಶಕ್ಕೆ ಹೋಗುವವರಿಗೆ ಎರಡು ಎಚ್ಚರ. ಕೊಲ್ಲಿ ದೇಶಗಳಿಗೆ ಡೇಟಾಫ್ಲೋ ಎಂಬ ಸಂಸ್ಥೆಯ ದಾಖಲೆ ಪರಿಶೀಲನೆಯಲ್ಲಿ ಶಿಕ್ಷಣ, ನೋಂದಣಿ, ಅನುಭವ ಮೂರನ್ನೂ ಮೂಲಕ್ಕೇ ಬರೆದು ಕೇಳುತ್ತಾರೆ. ನೋಂದಣಿ ದಿನಾಂಕಕ್ಕಿಂತ ಮುಂಚಿನ ಅನುಭವ ಎಣಿಕೆಗೆ ಬರುವುದಿಲ್ಲ. ಪಾಸಾಗಿ ನೋಂದಣಿ ಇಲ್ಲದೇ ವರ್ಷ ದುಡಿದವರು ಆ ವರ್ಷ ಕಳೆದುಕೊಳ್ಳುತ್ತಾರೆ. ಅನುಭವ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ದಿನ, ತಿಂಗಳು, ವರ್ಷ, ವಿಭಾಗ, ಹುದ್ದೆ ಸ್ಪಷ್ಟ ಇರಲಿ. ಆಸ್ಪತ್ರೆಯ ಈಮೇಲಿಗೆ ಬಂದ ಪತ್ರಕ್ಕೆ ಯಾರೂ ಉತ್ತರ ಕೊಡದಿದ್ದರೆ ಫೈಲ್ ಅಲ್ಲೇ ನಿಲ್ಲುತ್ತದೆ. ಬಿಡುವಾಗಲೇ ಎಚ್‌ಆರ್‌ಗೆ ಹೇಳಿಟ್ಟು ಬನ್ನಿ.

ಬ್ರಿಟನ್ನಿನ ಎನ್‌ಎಂಸಿಯಲ್ಲಿ (ಅಲ್ಲಿಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್) ನರ್ಸ್ ಮತ್ತು ಮಿಡ್‌ವೈಫ್ ರಿಜಿಸ್ಟರಿನ ಬೇರೆ ಬೇರೆ ಭಾಗ. ಇಲ್ಲಿಯ ಆರ್‌ಎಂ ತೋರಿಸಿ ಅಲ್ಲಿ ಮಿಡ್‌ವೈಫ್ ಆಗುತ್ತೇನೆ ಎಂದುಕೊಳ್ಳಬೇಡಿ, ಹೆಚ್ಚಿನವರು ನರ್ಸ್ ಭಾಗಕ್ಕೇ ಹೋಗುತ್ತಾರೆ. ಮೊದಲು ಸಿಬಿಟಿ (ಕಂಪ್ಯೂಟರ್ ಪರೀಕ್ಷೆ), ಆಮೇಲೆ 10 ಸ್ಟೇಷನ್ನಿನ ಓಸ್ಕಿ (ಪ್ರಾಯೋಗಿಕ ಪರೀಕ್ಷೆ). ಇಂಗ್ಲಿಷಿಗೆ ಐಇಎಲ್‌ಟಿಎಸ್ 7, ಬರವಣಿಗೆಯಲ್ಲಿ 6.5, ಓಇಟಿ (ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆ) ಆದರೆ ಬಿ, ಬರವಣಿಗೆಯಲ್ಲಿ ಸಿ ಪ್ಲಸ್. ಅಲ್ಲಿ 3 ವರ್ಷಕ್ಕೊಮ್ಮೆ ರಿವ್ಯಾಲಿಡೇಷನ್, ಅಂದರೆ ನೋಂದಣಿ ನವೀಕರಣ: 450 ಗಂಟೆ ಕೆಲಸ, 35 ಗಂಟೆ ಕಲಿಕೆ, ಐದು ಅಭಿಪ್ರಾಯ, ತಮ್ಮ ಕೆಲಸದ ಬಗ್ಗೆ ಐದು ಬರಹ. ನಮ್ಮ 150 ಗಂಟೆ ಜಾಸ್ತಿ ಎಂದು ಗೊಣಗುವವರು ಆ ಐದು ಬರಹ ಬರೆದು ನೋಡಲಿ!

ಕೃಷ್ಣಾ ದಂಡಿ:
ವಕೀಲರ ವಿವರಣೆ ಒಪ್ಪಿದೆ. 2023ರ ಹೊಸ ಕಾಯ್ದೆ ಬಂದ್ರ ಇದೆಲ್ಲಾ ಬದಲಿ ಆಗ್ತದೇನ್ರಿ?

ಕಾನೂನು ಕಟ್ಟೆ, ಬಾಗಲಕೋಟೆ:
ಚೌಕಟ್ಟು ಬದಲಾಗುತ್ತದೆ. ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ 2023ರ ಆಗಸ್ಟಿನಲ್ಲಿ ಅಂಗೀಕಾರವಾಯಿತು. 1947ರ ಕಾಯ್ದೆಯ ಜಾಗಕ್ಕೆ ಅದು: 29 ಸದಸ್ಯರ ಆಯೋಗ, ಅದರಡಿ ಶಿಕ್ಷಣ, ಮೌಲ್ಯಮಾಪನ, ನೀತಿ ಮತ್ತು ನೋಂದಣಿ ಎಂದು ಮೂರು ಮಂಡಳಿ, ರಾಜ್ಯಗಳಲ್ಲಿ ರಾಜ್ಯ ಆಯೋಗ. ರಿಜಿಸ್ಟರಿನಲ್ಲಿ ಹೆಸರಿಲ್ಲದೇ ವೃತ್ತಿ ಮಾಡಿದರೆ 1 ವರ್ಷದ ತನಕ ಜೈಲು ಅಥವಾ 5 ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. "ಆಯೋಗ ಬರಲಿ, ಆಮೇಲೆ ನೋಡೋಣ" ಎಂದು ಈಗಿನ ನೋಂದಣಿ ಬಿಟ್ಟು ಕೂರುವುದು ಮೂರ್ಖತನ. ಹೊಸ ರಿಜಿಸ್ಟರಿಗೆ ಹೆಸರು ಹೋಗುವುದು ಹಳೆಯ ರಿಜಿಸ್ಟರಿನಿಂದಲೇ.

ಚಿಕ್ಕೋಡಿ ವಾರ್ಡ್:
ಕಡೀ ಪ್ರಶ್ನೆ. "ಆರು ತಿಂಗಳ ನರ್ಸಿಂಗ್", "ಒಂದು ವರ್ಷದ ಡಿಪ್ಲೊಮಾ" ಅಂತ ಬಸ್‌ಸ್ಟ್ಯಾಂಡ್ ಗ್ವಾಡಿ ತುಂಬ ಬೋರ್ಡ್ ಅದಾವು. ಅಲ್ಲಿಂದ ಬಂದವರನ್ನ ಏನಂತ ತಗೊಳ್ಳೂದು? ಕಾಗದ ಖರೇ ಐತೋ ಇಲ್ಲೋ ಹೆಂಗ ನೋಡೂದು?

ನೋಂದಣಿ ಗುಮಾಸ್ತ, ವಿಜಯಪುರ:
ನೋಂದಣಿಗೆ ಬರುವುದು ಎಎನ್‌ಎಂ 2 ವರ್ಷ, ಜಿಎನ್‌ಎಂ 3 ವರ್ಷ (ಹಳೆಯ ಬ್ಯಾಚಿಗೆ ಮೂರೂವರೆ), ಬಿಎಸ್ಸಿ 4 ವರ್ಷ. ಪೋಸ್ಟ್ ಬೇಸಿಕ್ ಮತ್ತು ಎಂಎಸ್ಸಿ ಹೆಚ್ಚುವರಿ ಅರ್ಹತೆಯಾಗಿ ಅದೇ ನಂಬರಿಗೆ ಸೇರುತ್ತವೆ. ಆರು ತಿಂಗಳು, ಒಂದು ವರ್ಷದವು ಯಾವುದೂ ನರ್ಸ್ ನೋಂದಣಿಗೆ ಬರುವುದಿಲ್ಲ. ಅಂಥವರನ್ನು ವಾರ್ಡ್ ಸಹಾಯಕರು ಎಂದು ತೆಗೆದುಕೊಳ್ಳಿ, ಇಂಜೆಕ್ಷನ್ ಟ್ರೇ ಕೈಗೆ ಕೊಡಬೇಡಿ, ಡ್ಯೂಟಿ ಚಾರ್ಟಿನಲ್ಲಿ ಸಿಸ್ಟರ್ ಎಂದು ಬರೆಯಬೇಡಿ.

ಪರಿಶೀಲನೆಗೆ: ಝೆರಾಕ್ಸ್ ಬೇಡ, ಮೂಲ ಪ್ರಮಾಣಪತ್ರ ನೋಡಿ. ನಂಬರ್, ಹೆಸರು, ಅವಧಿ ಮುಗಿಯುವ ದಿನಾಂಕ ಒಂದು ವಹಿಯಲ್ಲಿ ಬರೆದಿಡಿ. ಕೌನ್ಸಿಲ್ಲಿನ ಜಾಲತಾಣದಲ್ಲಿ ನಂಬರ್ ತಾಳೆ ನೋಡಿ, ಸಂಶಯವಿದ್ದರೆ ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಕೌನ್ಸಿಲ್ಲಿಗೆ ಬರೆದು ಕೇಳಿ. ಮಹಾರಾಷ್ಟ್ರ ನಂಬರಿನವರಿಂದ ಎನ್‌ಒಸಿ ಅರ್ಜಿಯ ರಸೀದಿ ಪಡೆದು ಅದೇ ವಹಿಗೆ ಅಂಟಿಸಿ, ಕರ್ನಾಟಕ ನಂಬರ್ ಬರುವ ತನಕ ಅವರನ್ನು ನರ್ಸ್ ಪಾಳಿಗೆ ಹಾಕಬೇಡಿ. ಅವಧಿ ಮುಗಿಯಲು ಆರು ತಿಂಗಳು ಇರುವಾಗಲೇ ಆ ಸಿಸ್ಟರಿಗೆ ನೆನಪಿಸಿ. ಮೂಲ ಪ್ರಮಾಣಪತ್ರಗಳನ್ನು ಮಾತ್ರ ಆಸ್ಪತ್ರೆ ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳಬಾರದು. ನೋಡಿ, ಅವತ್ತೇ ವಾಪಸ್ ಕೊಡಿ.